ಖಾಲಿ ಕೂತ ಪ್ರೋಟೀನ್ ಕೂಡ ಸುಮ್ಮನಿರುವುದಿಲ್ಲ

(ಧಾರವಾಡದಲ್ಲಿ ಸಾರ್ವಜನಿಕರಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಪದೇ ಪದೇ ಬಂದದ್ದನ್ನು ತೆಗೆದಿದ್ದೇನೆ. ಸಭಿಕರ ಪ್ರಶ್ನೆಗಳನ್ನು ಅವು ಬಂದ ಜಾಗದಲ್ಲೇ ಇಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಔಷಧದ ಚೀಲ ಇಲ್ಲದ ಮನೆ ಈಗ ಹುಡುಕಿದರೂ ಸಿಗುವುದಿಲ್ಲ. ಅದನ್ನೊಮ್ಮೆ ಟೇಬಲ್ ಮೇಲೆ ಸುರುವಿ ನೋಡಿ. ಥೈರಾಯ್ಡ್ ಗುಳಿಗೆ ಇರುತ್ತದೆ. ದಮ್ಮು ಇದ್ದವರ ಇನ್‌ಹೇಲರ್‌ನಲ್ಲಿ ಸ್ಟೀರಾಯ್ಡ್ ಇರುತ್ತದೆ. ವಾರಕ್ಕೊಮ್ಮೆ ಹಾಲಿನಲ್ಲಿ ಕದಡಿ ಕುಡಿಯುವ ವಿಟಮಿನ್ ಡಿ ಪುಡಿ, ಶುಗರ್‌ಗೆ ಪಿಯೋಗ್ಲಿಟಜೋನ್, ಹೃದಯದ ತೊಂದರೆಗೆ ಸ್ಪೈರೊನೊಲ್ಯಾಕ್ಟೋನ್, ಗರ್ಭ ತಡೆಯುವ ಗುಳಿಗೆ, ತುರಿಕೆಗೆ ಹಚ್ಚುವ ಮುಲಾಮು. ರೋಗ ಬೇರೆ ಬೇರೆ, ಡಾಕ್ಟರೂ ಬೇರೆ ಬೇರೆ. ಆದರೆ ದೇಹದೊಳಗೆ ಹೋದ ಮೇಲೆ ಇವೆಲ್ಲ ಹುಡುಕಿಕೊಂಡು ಹೋಗುವುದು ಒಂದೇ ಮನೆತನದ ಪ್ರೋಟೀನ್‌ಗಳನ್ನು. ಕೆಲವು ನೇರವಾಗಿ ಹೋಗುತ್ತವೆ. ಕೆಲವು ಲಿವರ್‌ನಲ್ಲೋ ಕಿಡ್ನಿಯಲ್ಲೋ ಸ್ವಲ್ಪ ರೂಪ ಬದಲಿಸಿಕೊಂಡು ಹೋಗುತ್ತವೆ. ಆ ಮನೆತನದ ಹೆಸರು ನ್ಯೂಕ್ಲಿಯರ್ ರಿಸೆಪ್ಟರ್‌ಗಳು. ಮನುಷ್ಯರಲ್ಲಿ ಇವು 48 ಇವೆ.

ಇನ್ಸುಲಿನ್ ಅಂಥ ಹಾರ್ಮೋನ್ ದೊಡ್ಡದು. ಅದು ಜೀವಕೋಶದ ಹೊರಗೋಡೆಯ ಮೇಲಿನ ರಿಸೆಪ್ಟರ್‌ಗೆ ಅಂಟಿಕೊಂಡು, ಅಲ್ಲಿಂದಲೇ ಒಳಗೆ ಸುದ್ದಿ ಮುಟ್ಟಿಸುತ್ತದೆ. ಸ್ಟೀರಾಯ್ಡ್ ಹಾರ್ಮೋನ್‌ಗಳು ಹಾಗಲ್ಲ. ಅವು ಚಿಕ್ಕವು, ಎಣ್ಣೆಯ ಗುಣದವು. ಜೀವಕೋಶದ ಪೊರೆಯೂ ಕೊಬ್ಬಿನದೇ ಆದ್ದರಿಂದ ಸಲೀಸಾಗಿ ಒಳಗೆ ಹೋಗುತ್ತವೆ. ಒಳಗೆ ಅವಕ್ಕಾಗಿ ಕಾದಿರುವ ಪ್ರೋಟೀನ್ ಇರುತ್ತದೆ. ಆ ಪ್ರೋಟೀನೇ ಡಿಎನ್‌ಎಯನ್ನು ಹಿಡಿದುಕೊಂಡು ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಬಾಯಿ ಮುಚ್ಚಬೇಕು ಎಂದು ತೀರ್ಮಾನಿಸುತ್ತದೆ. ಮಧ್ಯೆ ಸುದ್ದಿ ಒಯ್ಯುವವರು ಯಾರೂ ಇಲ್ಲ. ಒಂದು ಸಣ್ಣ ಅಣು, ಒಂದು ಪ್ರೋಟೀನ್, ಒಂದು ಜೀನ್. ಅಷ್ಟೇ.

‘ಅಷ್ಟೇ’ ಅಂದೆ ನೋಡಿ, ಅಲ್ಲಿಂದಲೇ ಕಥೆ ಜಟಿಲವಾಗುತ್ತದೆ. ಅಣು ಬಂದು ಕೂತರೆ ಜೀನ್ ಆನ್, ಎದ್ದು ಹೋದರೆ ಆಫ್ ಎಂದು ನಾವು ಕಾಲೇಜಿನಲ್ಲಿ ಕಲಿಸುತ್ತೇವೆ. ಪರೀಕ್ಷೆಗೆ ಅದು ಸಾಕು. ಆದರೆ ಒಂದೇ ಗುಳಿಗೆ ಒಬ್ಬಳೇ ಹೆಂಗಸಿನ ಎದೆಯಲ್ಲಿ ಒಂದು ಕೆಲಸ, ಗರ್ಭಕೋಶದಲ್ಲಿ ಅದಕ್ಕೆ ತದ್ವಿರುದ್ಧ ಕೆಲಸ ಮಾಡುತ್ತದೆ. ಅದು ಹೇಗೆ ಎನ್ನುವುದೇ ಇವತ್ತಿನ ಮಾತು.

ಮೊದಲು ಸ್ವಲ್ಪ ಇತಿಹಾಸ. 1950ರ ದಶಕದಲ್ಲಿ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಎಲ್ಲರೂ ಒಪ್ಪಿದ್ದ ಒಂದು ವಿವರಣೆ ಇತ್ತು. ಯಾವುದೋ ಎಂಜೈಮ್ ಜೊತೆ ಸೇರಿ ತಾನೂ ರಾಸಾಯನಿಕವಾಗಿ ಬದಲಾಗುತ್ತ ಕೆಲಸ ಮಾಡಿಸುತ್ತದೆ ಎಂದು. ಶಿಕಾಗೋ ವಿಶ್ವವಿದ್ಯಾಲಯದ ಎಲ್ವುಡ್ ಜೆನ್ಸನ್ ಇದನ್ನು ನಂಬಲಿಲ್ಲ. ಅವರು ಮತ್ತು ಹರ್ಬರ್ಟ್ ಜೇಕಬ್‌ಸನ್ ಸೇರಿ ಈಸ್ಟ್ರೋಜನ್‌ನ ಒಂದು ರೂಪವಾದ ಈಸ್ಟ್ರಾಡಯೋಲ್ ಅಣುವಿಗೆ ವಿಕಿರಣ ಸೂಸುವ ಹೈಡ್ರೋಜನ್, ಅಂದರೆ ಟ್ರಿಟಿಯಂ, ಸೇರಿಸಿದರು. ಎಳೆಯ ಹೆಣ್ಣು ಇಲಿಗಳಿಗೆ ಕೊಟ್ಟು, ಅದು ಎಲ್ಲಿ ಹೋಗುತ್ತದೆ ಎಂದು ಬೆನ್ನು ಹತ್ತಿದರು. ಮಾಂಸಖಂಡಕ್ಕೆ ಬಂದದ್ದು ಬಂದ ಹಾಗೆ ಹೋಯಿತು. ಗರ್ಭಕೋಶಕ್ಕೆ ಬಂದದ್ದು ಅಲ್ಲೇ ತಂಗಿತು. ಅದೂ ಒಂದಿಷ್ಟೂ ಬದಲಾಗದೆ. ಅಂದ ಮೇಲೆ ಅದನ್ನು ಹಿಡಿದಿಟ್ಟುಕೊಳ್ಳುವ ಏನೋ ಅಲ್ಲಿರಬೇಕು, ಅಲ್ವಾ?

1958ರಲ್ಲಿ ವಿಯೆನ್ನಾದ ದೊಡ್ಡ ಸಮ್ಮೇಳನದಲ್ಲಿ ಜೆನ್ಸನ್ ಇದನ್ನು ಹೇಳಿದರು. ಕೇಳಲು ಬಂದವರು ಐದು ಜನ, ಅದರಲ್ಲಿ ಮೂವರು ಅದೇ ಗೋಷ್ಠಿಯ ಬೇರೆ ಭಾಷಣಕಾರರು ಎಂದು ಮುಂದೆ ಅವರೇ ಹೇಳಿಕೊಂಡಿದ್ದಾರೆ. ಇವತ್ತು ಈ ಸಭಾಂಗಣದಲ್ಲಿ ಅದಕ್ಕಿಂತ ಜಾಸ್ತಿ ಜನ ಇದ್ದೀರಿ. ನನಗೆ ಸಂತೋಷ.

ಆ ಪ್ರೋಟೀನ್‌ಗಳ ಪೂರ್ಣ ವಿವರ ಸಿಕ್ಕಿದ್ದು ಬಹಳ ತಡವಾಗಿ. 1985ರಲ್ಲಿ ಅಮೆರಿಕದ ಸಾಲ್ಕ್ ಸಂಸ್ಥೆಯಲ್ಲಿ ರೊನಾಲ್ಡ್ ಇವಾನ್ಸ್ ತಂಡ ಕಾರ್ಟಿಸೋಲ್ ಎಂಬ ಸ್ಟೀರಾಯ್ಡ್ ಹಾರ್ಮೋನ್‌ನ ರಿಸೆಪ್ಟರ್‌ನ ಜೀನ್ ಹಿಡಿಯಿತು. 1986ರಲ್ಲಿ ಫ್ರಾನ್ಸಿನ ಪಿಯರ್ ಶಾಂಬಾಂ ತಂಡ ಈಸ್ಟ್ರೋಜನ್ ರಿಸೆಪ್ಟರ್‌ನದನ್ನು ಹಿಡಿಯಿತು. ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಎರಡರ ಕಟ್ಟೋಣ ಒಂದೇ. ಅದೇ ವರ್ಷ ಥೈರಾಯ್ಡ್ ರಿಸೆಪ್ಟರ್ ಸಿಕ್ಕಿತು, ಅದೂ ಹಾಗೇ. ಥೈರಾಯ್ಡ್ ಹಾರ್ಮೋನ್ ಸ್ಟೀರಾಯ್ಡೇ ಅಲ್ಲ. ಆದರೂ ರಿಸೆಪ್ಟರ್ ಮಾತ್ರ ಅದೇ ಮನೆತನದ್ದು. ಜೆನ್ಸನ್, ಶಾಂಬಾಂ, ಇವಾನ್ಸ್ ಮೂವರಿಗೂ 2004ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು. ನೊಬೆಲ್ ಬರಲಿಲ್ಲ. ಬರಬೇಕಿತ್ತು ಎಂದು ನನ್ನ ಅಭಿಪ್ರಾಯ.

ಈಗ ಕಟ್ಟೋಣಕ್ಕೆ ಬರೋಣ. ಹೆಚ್ಚುಕಡಿಮೆ ಪ್ರತಿ ರಿಸೆಪ್ಟರ್‌ನಲ್ಲೂ ಮೂರು ಮುಖ್ಯ ಭಾಗ. ನಡುವೆ ಡಿಎನ್‌ಎ ಹಿಡಿಯುವ ಭಾಗ. ಇದರಲ್ಲಿ ಎರಡು ಸತುವಿನ ಪರಮಾಣುಗಳಿರುತ್ತವೆ, ಅವೇ ಪ್ರೋಟೀನ್ ಎಳೆಯನ್ನು ಬೆರಳಿನ ಆಕಾರಕ್ಕೆ ತಂದು ನಿಲ್ಲಿಸುತ್ತವೆ. ಮುಂದುಗಡೆ ಒಂದು ಸಡಿಲವಾದ ಭಾಗ. ಅದು ಸಣ್ಣ ಅಣುವಿಗಾಗಿ ಕಾಯದೆಯೂ ಒಂದಿಷ್ಟು ಕೆಲಸ ಮಾಡಬಲ್ಲದು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಹಿಂದುಗಡೆ ಅಣು ಬಂದು ಕೂರುವ ಭಾಗ. ಇದು ಹೆಚ್ಚುಕಡಿಮೆ 12 ಸುರುಳಿಗಳು ಸೇರಿ ಆದ ಮುದ್ದೆ. ನಡುವೆ ಒಂದು ಟೊಳ್ಳು. ಕೊನೆಯ, ಅಂದರೆ 12ನೇ ಸುರುಳಿ ಮಾತ್ರ ಅತ್ತಿತ್ತ ಆಡುತ್ತಿರುತ್ತದೆ. ಇಡೀ ಆಟ ಇರುವುದು ಈ 12ನೇ ಸುರುಳಿಯಲ್ಲಿ.

ನಮ್ಮ ಕಡೆಯ ಬುತ್ತಿ ಡಬ್ಬಿ ತಗೊಳ್ಳಿ. ಒಳಗೆ ಪಲ್ಯ, ಚಟ್ನಿ ಅಳತೆಗೆ ಸರಿಯಾಗಿ ಇಟ್ಟರೆ ಮುಚ್ಚಳ ಬಿಗಿಯಾಗಿ ಕೂರುತ್ತದೆ. 12ನೇ ಸುರುಳಿ ಆ ಮುಚ್ಚಳ. ಈಸ್ಟ್ರಾಡಯೋಲ್ ಬಂದು ಟೊಳ್ಳಿನಲ್ಲಿ ಕೂತಾಗ ಈ ಮುಚ್ಚಳ ಅದರ ಮೇಲೆ ಬಂದು ಸರಿಯಾಗಿ ಕೂರುತ್ತದೆ. ಅಣು ಪೂರ್ತಿ ಒಳಗೆ ಹುದುಗಿಹೋಗುತ್ತದೆ, ಹೊರಗಿನಿಂದ ಕಾಣುವುದೇ ಇಲ್ಲ. ಹಾಗೆ ಕೂತ ಮುಚ್ಚಳದ ಪಕ್ಕದಲ್ಲಿ ಹೊರಮೈ ಮೇಲೆ ಒಂದು ಸಣ್ಣ ತೋಡು ಮೂಡುತ್ತದೆ. ಜೀನ್ ನಡೆಸುವ ಸಹಾಯಕ ಪ್ರೋಟೀನ್‌ಗಳು ಬಂದು ಹಿಡಿದುಕೊಳ್ಳುವುದು ಆ ತೋಡನ್ನೇ. ಅವು ಬಂದ ಮೇಲೆಯೇ ಡಿಎನ್‌ಎ ಬಿಚ್ಚಿಕೊಳ್ಳುತ್ತದೆ, ಜೀನ್ ಓದಿಸಿಕೊಳ್ಳುತ್ತದೆ. ಅಂದರೆ ಸಣ್ಣ ಅಣು ಜೀನ್ ಹತ್ತಿರ ಹೋಗುವುದೂ ಇಲ್ಲ, ಏನನ್ನೂ ಮುಟ್ಟುವುದೂ ಇಲ್ಲ. ಒಳಗೆ ಕೂತು ಹೊರಗಿನ ಆಕಾರ ಬದಲಿಸುತ್ತದೆ.

ಈಗ ಅದೇ ಡಬ್ಬಿಯಲ್ಲಿ ಖಡಕ್ ರೊಟ್ಟಿಯ ತುಂಡೊಂದನ್ನು ಇಡಿ. ಒಂದು ಕೊನೆ ಹೊರಗೆ ಚಾಚಿಕೊಂಡಿದೆ. ಮುಚ್ಚಳ ಕೂರುತ್ತದೆಯೇ? ಇಲ್ಲ. ಓರೆಯಾಗಿ ಪಕ್ಕಕ್ಕೆ ಜಾರುತ್ತದೆ. ಸ್ತನ ಕ್ಯಾನ್ಸರ್‌ಗೆ ಕೊಡುವ ಟ್ಯಾಮಾಕ್ಸಿಫೆನ್ ಅಣುವಿನಲ್ಲಿ ಅಂಥದೇ ಒಂದು ಉದ್ದ ಬಾಲ ಇದೆ. ಟೊಳ್ಳಿನಲ್ಲಿ ಅದು ಕೂರುತ್ತದೆ, ಬಾಲ ಹೊರಗೆ ಚಾಚುತ್ತದೆ. 12ನೇ ಸುರುಳಿಗೆ ತನ್ನ ಜಾಗ ಸಿಗುವುದಿಲ್ಲ. ಜಾರಿದ ಸುರುಳಿ ಎಲ್ಲಿ ಹೋಗಿ ಬೀಳುತ್ತದೆ ಗೊತ್ತೇ? ಸಹಾಯಕ ಪ್ರೋಟೀನ್ ಬಂದು ಹಿಡಿಯಬೇಕಾದ ಆ ತೋಡಿನಲ್ಲೇ. ರಿಸೆಪ್ಟರ್ ತನ್ನ ಬಾಗಿಲನ್ನು ತಾನೇ ಅಡ್ಡ ಹಾಕಿಕೊಂಡಂತಾಯಿತು. 1997 ಮತ್ತು 1998ರಲ್ಲಿ ಎಕ್ಸ್-ರೇ ಚಿತ್ರಗಳಲ್ಲಿ ಇದನ್ನು ಕಣ್ಣಾರೆ ನೋಡಿದರು. ಮೊದಲು ರಾಲಾಕ್ಸಿಫೆನ್ ಎಂಬ ಔಷಧದ ಜೊತೆ, ಆಮೇಲೆ ಟ್ಯಾಮಾಕ್ಸಿಫೆನ್ ಜೊತೆ. ಈ ಎರಡು ಚಿತ್ರಗಳನ್ನು ಪಕ್ಕದಲ್ಲಿಟ್ಟು ನೋಡುವಷ್ಟು ಖುಷಿ ನನಗೆ ಬಯೋಕೆಮಿಸ್ಟ್ರಿಯಲ್ಲಿ ಬೇರೆ ಯಾವುದರಲ್ಲೂ ಸಿಕ್ಕಿಲ್ಲ.

ಟ್ಯಾಮಾಕ್ಸಿಫೆನ್ ಹುಟ್ಟಿದ್ದು ಕ್ಯಾನ್ಸರ್‌ಗಾಗಿ ಅಲ್ಲ. ಇಂಗ್ಲೆಂಡಿನ ಐಸಿಐ ಕಂಪನಿಯಲ್ಲಿ ಡೋರಾ ರಿಚರ್ಡ್‌ಸನ್ ಎಂಬ ರಸಾಯನ ವಿಜ್ಞಾನಿ 1962ರಲ್ಲಿ ಇದನ್ನು ತಯಾರಿಸಿದರು. ಗರ್ಭ ತಡೆಯುವ ಗುಳಿಗೆ ಆಗಲಿ ಎಂಬ ಆಸೆ. ಇಲಿಗಳಲ್ಲಿ ತಡೆಯಿತು. ಹೆಂಗಸರಲ್ಲಿ ಉಲ್ಟಾ ಅಂಡಾಣು ಬಿಡುಗಡೆಗೆ ನೆರವಾಯಿತು! ಕಪಾಟಿನಲ್ಲೇ ಉಳಿಯಬಹುದಾಗಿದ್ದ ಆ ಅಣುವಿಗೆ 1973ರಲ್ಲಿ ಬ್ರಿಟನ್‌ನಲ್ಲಿ ಸ್ತನ ಕ್ಯಾನ್ಸರ್ ಚಿಕಿತ್ಸೆಗೆ ಅನುಮತಿ ಸಿಕ್ಕಿತು.

ಇಲ್ಲೇ ನಮ್ಮ ದೇಶದ ಒಂದು ಹೆಮ್ಮೆಯ ವಿಷಯ ಹೇಳಬೇಕು. ಇದನ್ನು ನಮ್ಮ ವಿದ್ಯಾರ್ಥಿಗಳಿಗೆ ಯಾರೂ ಹೇಳುವುದಿಲ್ಲ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ನಿತ್ಯಾ ಆನಂದ್ ಮತ್ತು ಅವರ ಸಂಗಡಿಗರು ಸೆಂಟ್‌ಕ್ರೋಮನ್ ಎಂಬ ಅಣುವನ್ನು ಕಟ್ಟಿದರು. ಅದೂ ಈಸ್ಟ್ರೋಜನ್ ರಿಸೆಪ್ಟರ್‌ನಲ್ಲೇ ಕೂರುತ್ತದೆ. ಅದಕ್ಕೂ ಅದೇ ಜಾತಿಯ ಬಾಲ. ಆದರೆ ಇದು ನಿಜಕ್ಕೂ ಗರ್ಭ ತಡೆಯಿತು. 1991ರಲ್ಲಿ ‘ಸಹೇಲಿ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಈಗ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ‘ಛಾಯಾ’ ಎಂಬ ಹೆಸರಲ್ಲಿ ಕೊಡುತ್ತಾರಲ್ಲ, ಅದೇ. ದಿನಾ ನುಂಗಬೇಕಿಲ್ಲ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಇದರಲ್ಲಿ ಹಾರ್ಮೋನ್ ಇಲ್ಲ. ಹಾರ್ಮೋನ್ ಕೂರುವ ಜಾಗದಲ್ಲಿ ತಾನು ಕೂತು ಗರ್ಭಕೋಶದ ಒಳಪದರ ಗರ್ಭ ಹಿಡಿಯದಂತೆ ಮಾಡುತ್ತದೆ. ಆಶಾ ಕಾರ್ಯಕರ್ತೆಯರು ನಮ್ಮ ಹಳ್ಳಿಗಳಲ್ಲಿ ಹಂಚುವ ಈ ಪುಟ್ಟ ಗುಳಿಗೆಯ ಹಿಂದೆ ಇಷ್ಟು ಸೊಗಸಾದ ರಸಾಯನಶಾಸ್ತ್ರ ಇದೆ.

ಇಲ್ಲಿ ಮುಂದಿನ ಸಾಲಿನಲ್ಲಿದ್ದ ಒಬ್ಬ ಅಕ್ಕ ಎದ್ದು ಕೇಳಿದರು: “ಸರ್, ನಮ್ಮ ಮನ್ಯಾಗ ಒಬ್ಬರಿಗೆ ಟ್ಯಾಮಾಕ್ಸಿಫೆನ್ ಕೊಟ್ಟಾರ್ರಿ. ಎದಿಯೊಳಗ ಕ್ಯಾನ್ಸರ್ ತಡೀತದ ಅಂತಾರ, ಮತ್ತ ಗರ್ಭಕೋಶದ ಸ್ಕ್ಯಾನ್ ಮಾಡಿಸ್ಕೋತ ಇರ್ರಿ ಅಂತಾರ. ಯಾಕ್ರಿ?”

ಸರಿಯಾದ ಜಾಗಕ್ಕೆ ಕೈ ಹಾಕಿದಿರಿ ಅಕ್ಕಾ. ಮುಚ್ಚಳ ಓರೆಯಾದರೆ ಹಿಂದಿನ ಭಾಗದ ಕೆಲಸ ಮಾತ್ರ ನಿಲ್ಲುತ್ತದೆ. ಮುಂದುಗಡೆ ಒಂದು ಸಡಿಲ ಭಾಗ ಇದೆ ಅಂದೆನಲ್ಲ, ಅದು ಇನ್ನೂ ಸಹಾಯಕ ಪ್ರೋಟೀನ್‌ಗಳನ್ನು ಕರೆಯಬಲ್ಲದು. ಎದೆಯ ಜೀವಕೋಶಗಳಲ್ಲಿ ಆ ಸಹಾಯಕರು ಕಡಿಮೆ, ತಡೆಯುವ ಪ್ರೋಟೀನ್‌ಗಳು ಮೇಲುಗೈ. ಹಾಗಾಗಿ ಜೀನ್ ಆಫ್. ಗರ್ಭಕೋಶದ ಒಳಪದರದಲ್ಲಿ ಸಹಾಯಕರು ಜಾಸ್ತಿ. ಅಲ್ಲಿ ಅದೇ ಅಣು, ಅದೇ ರಿಸೆಪ್ಟರ್, ಅದೇ ಓರೆ ಆಕಾರ, ಆದರೆ ಜೀನ್ ಆನ್. ಪದರ ದಪ್ಪವಾಗಬಹುದು, ಅಪರೂಪಕ್ಕೆ ಕ್ಯಾನ್ಸರ್ ಕೂಡ ಆಗಬಹುದು. ಮುಟ್ಟು ನಿಂತವರಲ್ಲಿ ರಕ್ತ ಕಂಡರೆ ತಡ ಮಾಡದೆ ಡಾಕ್ಟರಿಗೆ ತೋರಿಸಬೇಕು. ಇನ್ನು ಮೂಳೆಯಲ್ಲಿ, ಮುಟ್ಟು ನಿಂತವರಿಗೆ, ಅದೇ ಗುಳಿಗೆ ಈಸ್ಟ್ರೋಜನ್ ಥರ ನಡೆದುಕೊಂಡು ಮೂಳೆ ಸವೆಯುವುದನ್ನು ತಡೆಯುತ್ತದೆ. ಅದು ಲಾಭ. ಒಂದು ಔಷಧ ‘ಆನ್ ಮಾಡುವಂಥದ್ದು’ ಅಥವಾ ‘ಆಫ್ ಮಾಡುವಂಥದ್ದು’ ಎಂದು ಲೇಬಲ್ ಅಂಟಿಸಲು ಆಗುವುದಿಲ್ಲ. ಯಾವ ಊರಿಗೆ ಹೋಗಿದೆ, ಅಲ್ಲಿ ಯಾರ್‍ಯಾರು ಇದ್ದಾರೆ ಎಂದು ಕೇಳಬೇಕು.

ಇನ್ನು ಖಾಲಿ ರಿಸೆಪ್ಟರ್ ವಿಷಯ. ಇವತ್ತಿನ ಮಾತಿಗೆ ನಾನು ಇಟ್ಟ ಹೆಸರು ಇದರದ್ದೇ.

ಕಾರ್ಟಿಸೋಲ್ ರಿಸೆಪ್ಟರ್ ಖಾಲಿ ಇದ್ದಾಗ, ಡಿಎನ್‌ಎ ಇರುವ ನ್ಯೂಕ್ಲಿಯಸ್‌ನ ಹೊರಗೆ ಬೇರೆ ಪ್ರೋಟೀನ್‌ಗಳ ತೆಕ್ಕೆಯಲ್ಲಿ ಬಿದ್ದಿರುತ್ತದೆ. ಹಾರ್ಮೋನ್ ಬಂದ ಮೇಲೆ ಎದ್ದು ಒಳಗೆ ಹೋಗುತ್ತದೆ. ಥೈರಾಯ್ಡ್ ರಿಸೆಪ್ಟರ್ ಹಾಗಲ್ಲ. ಅದು ಖಾಲಿ ಇದ್ದಾಗಲೂ ಡಿಎನ್‌ಎ ಮೇಲೆ ಕೂತೇ ಇರುತ್ತದೆ. ಸುಮ್ನೆ ಕೂತಿರುವುದಿಲ್ಲ. ತಡೆಯುವ ಪ್ರೋಟೀನ್‌ಗಳನ್ನು ಕರೆದು, ಡಿಎನ್‌ಎಯನ್ನು ಬಿಗಿಯಾಗಿ ಸುತ್ತಿಸಿ, ಆ ಜೀನ್‌ಗಳನ್ನು ಅದುಮಿ ಹಿಡಿದಿರುತ್ತದೆ. ಹಾರ್ಮೋನ್ ಬಂದಾಗ ತಡೆಯುವವರು ಬಿಟ್ಟು ಹೋಗುತ್ತಾರೆ, ನಡೆಸುವವರು ಬರುತ್ತಾರೆ. ಹಾಗಾದರೆ ಥೈರಾಯ್ಡ್ ಹಾರ್ಮೋನ್ ಕಡಿಮೆಯಾದಾಗ ಆಗುವ ತೊಂದರೆ ಬರೀ ಕೊರತೆಯದ್ದಲ್ಲ, ಖಾಲಿ ರಿಸೆಪ್ಟರ್ ಮಾಡುವ ಕಿತಾಪತಿಯದ್ದೂ ಹೌದು.

ಇದಕ್ಕೆ ಪುರಾವೆ ಚೆನ್ನಾಗಿದೆ. ಹುಟ್ಟಿನಿಂದಲೇ ಥೈರಾಯ್ಡ್ ಗ್ರಂಥಿ ಸರಿಯಾಗಿ ಬೆಳೆಯದ ಒಂದು ಇಲಿ ತಳಿ ಇದೆ. ಹಾರ್ಮೋನ್ ಇಲ್ಲದೆ ಆ ಮರಿಗಳು ಕೆಲವೇ ವಾರಗಳಲ್ಲಿ ಸಾಯುತ್ತವೆ. 2002ರಲ್ಲಿ ಸಂಶೋಧಕರು ಆ ಇಲಿಗಳಲ್ಲಿ ಒಂದು ಬಗೆಯ ಥೈರಾಯ್ಡ್ ರಿಸೆಪ್ಟರ್ ಅನ್ನೂ ತೆಗೆದುಹಾಕಿದರು. ಹಾರ್ಮೋನೂ ಇಲ್ಲ, ಅದನ್ನು ಹಿಡಿಯುವ ರಿಸೆಪ್ಟರೂ ಇಲ್ಲ. ಇನ್ನೂ ಬೇಗ ಸಾಯಬೇಕು ಅನ್ನಿಸುತ್ತದೆ, ಅಲ್ವಾ? ಬದುಕಿದವು!

ಮನುಷ್ಯರಲ್ಲಿ ಇದರ ಅತಿ ನಾಟಕೀಯ ಉದಾಹರಣೆ ಒಂದು ರಕ್ತ ಕ್ಯಾನ್ಸರ್. ಅದರಲ್ಲಿ 15 ಮತ್ತು 17ನೇ ಕ್ರೋಮೋಸೋಮ್‌ಗಳು ತುಂಡಾಗಿ ತಪ್ಪು ಜೋಡಣೆಯಾಗುತ್ತವೆ. ವಿಟಮಿನ್ ಎ ಇಂದ ಬರುವ ರೆಟಿನಾಯಿಕ್ ಆಮ್ಲದ ರಿಸೆಪ್ಟರ್ ಇನ್ನೊಂದು ಪ್ರೋಟೀನ್‌ಗೆ ಅಂಟಿಕೊಂಡು ಬಿಡುತ್ತದೆ. ಈ ಜೋಡಿ ಪ್ರೋಟೀನ್ ತಡೆಯುವವರನ್ನು ಎಷ್ಟು ಗಟ್ಟಿಯಾಗಿ ಹಿಡಿದಿರುತ್ತದೆ ಅಂದರೆ, ದೇಹದಲ್ಲಿ ಸಹಜವಾಗಿರುವ ರೆಟಿನಾಯಿಕ್ ಆಮ್ಲ ಅದಕ್ಕೆ ಸಾಲುವುದಿಲ್ಲ. ಎಳೆಯ ಬಿಳಿ ರಕ್ತಕಣಗಳು ಬಲಿಯುವುದೇ ಇಲ್ಲ, ಬರೀ ಹೆಚ್ಚುತ್ತ ಹೋಗುತ್ತವೆ. ಶಾಂಘೈನ ವಾಂಗ್ ಝೆನ್‌ಯಿ ಎಂಬ ವೈದ್ಯರು 1980ರ ದಶಕದಲ್ಲಿ ರೆಟಿನಾಯಿಕ್ ಆಮ್ಲವನ್ನೇ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟು ನೋಡಿದರು. 1988ರಲ್ಲಿ ಅವರ ತಂಡ 24 ರೋಗಿಗಳ ವಿವರ ಪ್ರಕಟಿಸಿತು. 23 ಜನರಲ್ಲಿ ಅದೊಂದೇ ಔಷಧದಿಂದ ರೋಗ ಹಿಮ್ಮೆಟ್ಟಿತ್ತು. ಜೀವಕೋಶಗಳನ್ನು ಕೊಲ್ಲಲಿಲ್ಲ, ಬಲಿಯುವಂತೆ ಮಾಡಿದರು. ಕ್ಯಾನ್ಸರ್ ಅಂದರೆ ಕೊಲ್ಲಬೇಕಾದ ಶತ್ರು ಎಂದಷ್ಟೇ ತಿಳಿದವರಿಗೆ ಇದು ಬೇರೆಯೇ ದಾರಿ. ಈಗ ಇದರ ಜೊತೆ ಆರ್ಸೆನಿಕ್ ಕೂಡ ಕೊಡುತ್ತಾರೆ. ಒಂದು ಕಾಲಕ್ಕೆ ದಿನಗಳಲ್ಲಿ ಕೊಲ್ಲುತ್ತಿದ್ದ ರೋಗ ಈಗ ಬಹುಪಾಲು ಗುಣವಾಗುತ್ತದೆ.

ಧಾರವಾಡದಲ್ಲಿ ಮಾತಾಡುವಾಗ ಸಂಗೀತದವರನ್ನು ಮರೆಯಲು ಆಗುವುದಿಲ್ಲ. ಹಾಡುವವರು ಗಂಟಲಿಗೆ ಒಳ್ಳೆಯದೆಂದು ಜ್ಯೇಷ್ಠಮಧು ಬಾಯಲ್ಲಿ ಇಟ್ಟುಕೊಳ್ಳುತ್ತಾರೆ. ನಮ್ಮ ಕಿಡ್ನಿಯಲ್ಲಿ ಆಲ್ಡೋಸ್ಟಿರೋನ್ ಎಂಬ ಹಾರ್ಮೋನ್‌ಗೆ ಒಂದು ರಿಸೆಪ್ಟರ್ ಇದೆ. ಅದು ಕೆಲಸ ಮಾಡಿದರೆ ಉಪ್ಪು ದೇಹದಲ್ಲಿ ಉಳಿಯುತ್ತದೆ, ಬಿಪಿ ಏರುತ್ತದೆ, ಪೊಟ್ಯಾಸಿಯಂ ಹೊರಗೆ ಹೋಗುತ್ತದೆ. ವಿಚಿತ್ರ ಏನೆಂದರೆ ಈ ರಿಸೆಪ್ಟರ್ ಕಾರ್ಟಿಸೋಲನ್ನೂ ಅಷ್ಟೇ ಪ್ರೀತಿಯಿಂದ ಕೂರಿಸಿಕೊಳ್ಳುತ್ತದೆ. ರಕ್ತದಲ್ಲಿ ಕಾರ್ಟಿಸೋಲ್ ಆಲ್ಡೋಸ್ಟಿರೋನ್‌ಗಿಂತ ನೂರಾರು ಪಟ್ಟು ಜಾಸ್ತಿ. ಹಾಗಿದ್ದರೆ ನಮ್ಮೆಲ್ಲರ ಬಿಪಿ ಏರಬೇಕಿತ್ತು. ಏರುವುದಿಲ್ಲ, ಏಕೆಂದರೆ ಕಿಡ್ನಿಯ ಆ ಜೀವಕೋಶಗಳಲ್ಲಿ ಒಂದು ಎಂಜೈಮ್ ಕಾರ್ಟಿಸೋಲ್ ಬಂದ ಹಾಗೇ ಅದನ್ನು ಕಾರ್ಟಿಸೋನ್ ಆಗಿ ಬದಲಿಸಿ ಬಿಡುತ್ತದೆ. ಕಾರ್ಟಿಸೋನ್‌ಗೆ ಅಲ್ಲಿ ಕೂರಲು ಬರುವುದಿಲ್ಲ. ಜ್ಯೇಷ್ಠಮಧುವಿನ ಒಂದು ಅಂಶ ತಡೆಯುವುದು ಈ ಎಂಜೈಮನ್ನೇ. ಕಾವಲು ಇಲ್ಲದಾಗ ಕಾರ್ಟಿಸೋಲ್ ನುಗ್ಗುತ್ತದೆ. ಗಂಟಲು ಕಟ್ಟಿದಾಗ ಚೂರು ಬಾಯಲ್ಲಿ ಇಟ್ಟುಕೊಂಡರೆ ಏನೂ ಆಗುವುದಿಲ್ಲ. ದಿನಾ, ತಿಂಗಳುಗಟ್ಟಲೆ, ಜಾಸ್ತಿ ತಿನ್ನುವವರಿಗೆ ಬಿಪಿ ಏರಿ, ಪೊಟ್ಯಾಸಿಯಂ ಇಳಿದು ಆಸ್ಪತ್ರೆ ಸೇರಿದ ಉದಾಹರಣೆಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬೇಕಾದಷ್ಟಿವೆ. ಬಿಪಿ ಗುಳಿಗೆ ನುಂಗುವವರು ಇದನ್ನು ಡಾಕ್ಟರಿಗೆ ಹೇಳಿಬಿಡಿ.

ಸ್ಟೀರಾಯ್ಡ್ ಬಗ್ಗೆ ಒಂದೆರಡು ಮಾತು ಖಾರವಾಗಿಯೇ ಹೇಳುತ್ತೇನೆ. ಕೋವಿಡ್ ಕಾಲದಲ್ಲಿ, 2020ರ ಜೂನ್‌ನಲ್ಲಿ, ಬ್ರಿಟನ್ನಿನ ರಿಕವರಿ ಪ್ರಯೋಗ ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಕೊಟ್ಟರೆ ವೆಂಟಿಲೇಟರ್ ಮೇಲಿದ್ದವರ ಸಾವು ಸುಮಾರು ಮೂರನೇ ಒಂದರಷ್ಟು ಇಳಿಯುತ್ತದೆ ಎಂದು ತೋರಿಸಿತು. ಬಹಳ ಅಗ್ಗದ ಔಷಧ. ಅದೇ ಪ್ರಯೋಗದಲ್ಲಿ ಆಮ್ಲಜನಕ ಬೇಕಾಗದವರಿಗೆ ಅದರಿಂದ ಯಾವ ಲಾಭವೂ ಕಾಣಲಿಲ್ಲ. ಆ ಎರಡನೇ ಅರ್ಧ ನಮ್ಮಲ್ಲಿ ಯಾರಿಗೂ ಕೇಳಿಸಲಿಲ್ಲ. 2021ರಲ್ಲಿ ಮನೆಯಲ್ಲೇ ಕೂತು ಸ್ಟೀರಾಯ್ಡ್ ನುಂಗಿದವರೆಷ್ಟೋ. ಶುಗರ್ ಏರಿತು, ಕಪ್ಪು ಶಿಲೀಂಧ್ರಕ್ಕೆ ದಾರಿಯಾಯಿತು.

ಇನ್ನೊಂದು, ಮುಖಕ್ಕೆ ಹಚ್ಚುವ ಕ್ರೀಮ್. ‘ಬೆಳ್ಳಗಾಗಲು’ ಎಂದು ಅಂಗಡಿಯಲ್ಲಿ ಕೇಳಿ ತರುವ ಕೆಲವು ಟ್ಯೂಬ್‌ಗಳಲ್ಲಿ ಮೂರು ಔಷಧ ಇರುತ್ತವೆ: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್. ಟ್ರೆಟಿನಾಯಿನ್ ಅಂದರೆ ಈಗ ಹೇಳಿದ ಅದೇ ರೆಟಿನಾಯಿಕ್ ಆಮ್ಲ. ಮೊಮೆಟಾಸೋನ್ ಕಾರ್ಟಿಸೋಲ್ ರಿಸೆಪ್ಟರ್‌ಗೆ ಹೋಗುವ ಗಟ್ಟಿ ಸ್ಟೀರಾಯ್ಡ್. ಒಂದೇ ಟ್ಯೂಬ್‌ನಲ್ಲಿ ಎರಡು ನ್ಯೂಕ್ಲಿಯರ್ ರಿಸೆಪ್ಟರ್‌ಗಳನ್ನು ಮೀಟುವ ಔಷಧ! ಚರ್ಮರೋಗ ತಜ್ಞರು ಬಂಗಿಗೆ, ಅಂದರೆ ಮುಖದ ಕಪ್ಪು ಕಲೆಗೆ, ಕೆಲವೇ ವಾರ ಹಚ್ಚಲು ಹೇಳುವ ಇದನ್ನು ಹುಡುಗಿಯರು ವರ್ಷಗಟ್ಟಲೆ ಹಚ್ಚುತ್ತಾರೆ. ಚರ್ಮ ತೆಳುವಾಗುತ್ತದೆ, ರಕ್ತನಾಳ ಕಾಣುತ್ತದೆ, ಬಿಟ್ಟರೆ ಉರಿ. 2018ರಲ್ಲಿ ಕೇಂದ್ರ ಸರಕಾರ ಹಚ್ಚುವ ಸ್ಟೀರಾಯ್ಡ್‌ಗಳಿಗೂ ಡಾಕ್ಟರ್ ಚೀಟಿ ಕಡ್ಡಾಯ ಮಾಡಿತು. ಅಂಗಡಿಯವರು ಎಷ್ಟು ಪಾಲಿಸುತ್ತಾರೆ ಎಂದು ನಿಮಗೇ ಗೊತ್ತು. ನನಗೆ ಇದರ ಬಗ್ಗೆ ಸಿಟ್ಟಿದೆ. ಮುಂದೆ ಹೋಗುತ್ತೇನೆ.

ಹಾವೇರಿ ಕಡೆಯಿಂದ ಬಂದ ಒಬ್ಬ ರೈತರು ಬಹಳ ಹೊತ್ತಿನಿಂದ ಕೈ ಎತ್ತಿದ್ದರು. “ಇದೆಲ್ಲಾ ಮನಷ್ಯಾರದು ಆತ್ರಿ. ಹುಳದಾಗೂ ಇರ್ತಾವೇನ್ರಿ ಇವು?”

ಇರುತ್ತವೆ. ನೀವು ಕೇಳದಿದ್ದರೂ ನಾನು ಅಲ್ಲಿಗೇ ಬರುವವನಿದ್ದೆ. ಹುಳು ಪೊರೆ ಬಿಡಬೇಕೆಂದರೆ ಎಕ್ಡೈಸೋನ್ ಎಂಬ ಸ್ಟೀರಾಯ್ಡ್ ಬೇಕು. 1954ರಲ್ಲಿ ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್‌ಸನ್ ಅದನ್ನು ಮೊದಲ ಸಲ ಶುದ್ಧವಾಗಿ ತೆಗೆದರು. ಯಾವುದರಿಂದ? ರೇಷ್ಮೆ ಗೂಡಿನೊಳಗಿನ ಕೋಶಗಳಿಂದ, ಅಂದರೆ ಪ್ಯೂಪಾಗಳಿಂದ. 500 ಕಿಲೋ ಕೋಶಕ್ಕೆ ಸಿಕ್ಕಿದ್ದು 25 ಮಿಲಿಗ್ರಾಂ. ಒಂದು ಚಿಟಿಕೆಗೂ ಸಾಲದು. ರೇಷ್ಮೆ ಸಾಕುವವರು ಹುಳು ‘ಜ್ವರಕ್ಕೆ ಕೂತಿದೆ’ ಅನ್ನುತ್ತೀರಲ್ಲ, ಪೊರೆ ಬಿಡುವ ಆ ನಾಲ್ಕೂ ಜ್ವರ ಎಕ್ಡೈಸೋನ್ ಏರಿಳಿತದ ಆಟ. ಹುಳು ಹಣ್ಣಾಗಿ ಗೂಡು ಕಟ್ಟಲು ಶುರು ಮಾಡುವುದೂ ಅದರಿಂದಲೇ. ಕೆಲವು ಗಿಡಗಳು ಕೂಡ ಈ ಜಾತಿಯ ಸ್ಟೀರಾಯ್ಡ್ ತಯಾರಿಸುತ್ತವೆ. ಎಲ್ಲ ಹುಳು ಒಟ್ಟಿಗೆ ಹಣ್ಣಾಗಿ, ಗೂಡು ಕಟ್ಟುವ ಚಂದ್ರಿಕೆ ಏರಲಿ ಎಂದು ಸೊಪ್ಪಿನ ಮೇಲೆ ಸಿಂಪಡಿಸುವ ‘ಸಂಪೂರ್ಣ’ ಅಂಥ ಗಿಡದ ಸ್ಟೀರಾಯ್ಡೇ.

ಇದೇ ರಿಸೆಪ್ಟರ್ ಮೇಲೆ ಕೀಟನಾಶಕವನ್ನೂ ಮಾಡಿದ್ದಾರೆ. ಟೆಬುಫೆನೊಜೈಡ್, ಮೆಥಾಕ್ಸಿಫೆನೊಜೈಡ್ ಎಂಬ ಅಣುಗಳು. ಇವು ಸ್ಟೀರಾಯ್ಡೇ ಅಲ್ಲ, ನೋಡಲು ಎಕ್ಡೈಸೋನ್ ಥರ ಇಲ್ಲವೇ ಇಲ್ಲ. ಆದರೂ ಎಲೆ ತಿನ್ನುವ ಮರಿಹುಳುವಿನ ರಿಸೆಪ್ಟರ್‌ನಲ್ಲಿ ಗಟ್ಟಿಯಾಗಿ ಕೂರುತ್ತವೆ. ಹೇಗೆ ಎಂಬುದು 2003ರಲ್ಲಿ ಗೊತ್ತಾಯಿತು. ನಮ್ಮ ಹತ್ತಿ, ತೊಗರಿಯ ಕಾಯಿಕೊರಕದ ಹತ್ತಿರದ ನೆಂಟನಾದ ಒಂದು ಹುಳುವಿನ ರಿಸೆಪ್ಟರ್ ತೆಗೆದುಕೊಂಡು ಎರಡು ಚಿತ್ರ ತೆಗೆದರು. ಒಂದು ಸ್ಟೀರಾಯ್ಡ್ ಜೊತೆ, ಒಂದು ಕೀಟನಾಶಕದಂಥ ಅಣುವಿನ ಜೊತೆ. ಎರಡರಲ್ಲಿ ಟೊಳ್ಳಿನ ಆಕಾರವೇ ಬೇರೆ! ಬಂದವನಿಗೆ ತಕ್ಕಂತೆ ಪ್ರೋಟೀನ್ ತನ್ನ ಒಳಗನ್ನೇ ಬದಲಿಸಿಕೊಂಡಿತ್ತು. ನನ್ನ ಡಬ್ಬಿಯ ಉದಾಹರಣೆ ಸೋಲುವುದು ಇಲ್ಲೇ. ಸ್ಟೀಲ್ ಡಬ್ಬಿ ರೊಟ್ಟಿಗೆ ತಕ್ಕಂತೆ ಹಿಗ್ಗುವುದಿಲ್ಲ.

ಹುಳು ಸಾಯುವ ಬಗೆ ಇನ್ನೂ ವಿಚಿತ್ರ. ಅದಕ್ಕೆ ವಿಷ ಏರುವುದಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಪೊರೆ ಬಿಡಲು ಶುರು ಮಾಡುತ್ತದೆ, ತಿನ್ನುವುದನ್ನು ನಿಲ್ಲಿಸುತ್ತದೆ. ಸಹಜವಾಗಿ ಎಕ್ಡೈಸೋನ್ ಏರಬೇಕು, ಆಮೇಲೆ ಇಳಿಯಬೇಕು. ಇಳಿದಾಗಲೇ ಹಳೆ ಪೊರೆ ಕಳಚುವ ಕೊನೆಯ ಕೆಲಸ ನಡೆಯುವುದು. ಈ ಅಣು ಬೇಗ ಕರಗುವುದಿಲ್ಲ. ರಿಸೆಪ್ಟರ್ ಆನ್ ಆಗಿಯೇ ಉಳಿಯುತ್ತದೆ. ಹುಳು ಅರ್ಧ ಕಳಚಿದ ಪೊರೆಯಲ್ಲಿ ಸಿಕ್ಕಿಕೊಂಡು ಉಪವಾಸ ಸಾಯುತ್ತದೆ. ಜೇನು ಹುಳುವಿನ ರಿಸೆಪ್ಟರ್ ಆಕಾರ ಬೇರೆ ಇರುವುದರಿಂದ ಅದಕ್ಕೆ ತೊಂದರೆ ಬಹಳ ಕಡಿಮೆ. ಈ ಕಾರಣಕ್ಕೇ ಟೆಬುಫೆನೊಜೈಡ್‌ಗೆ 1998ರಲ್ಲಿ ಅಮೆರಿಕದ ಹಸಿರು ರಸಾಯನಶಾಸ್ತ್ರ ಪ್ರಶಸ್ತಿ ಬಂತು. ಆದರೆ ರೇಷ್ಮೆ ಹುಳುವೂ ಮರಿಹುಳುವೇ. ಹಿಪ್ಪುನೇರಳೆ ತೋಟದ ಹತ್ತಿರ ಇಂಥದ್ದನ್ನು ಹೊಡೆಯುವಂತಿಲ್ಲ.

ಕೊನೆಗೆ ಒಬ್ಬ ನರ್ಸಿಂಗ್ ವಿದ್ಯಾರ್ಥಿನಿ ಕೇಳಿದಳು: “ಸರ್, 48ರಲ್ಲಿ ನಮ್ಮ ಕೆಲಸಕ್ಕೆ ಅಗದೀ ಬೇಕಾದ್ದು ಯಾವುದ್ರಿ?”

ನನ್ನನ್ನು ಕೇಳಿದರೆ ಪಿಎಕ್ಸ್ಆರ್ ಅನ್ನುತ್ತೇನೆ ತಂಗಿ. ಉಳಿದ ಎಷ್ಟೋ ರಿಸೆಪ್ಟರ್‌ಗಳು ಕೆಲವೇ ಅಣುಗಳನ್ನು ಆರಿಸಿಕೊಳ್ಳುತ್ತವೆ. ಇದರ ಟೊಳ್ಳು ದೊಡ್ಡದು, ಸಡಿಲ. ಆಕಾರದಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಎಷ್ಟೋ ಅಣುಗಳನ್ನು ಕೂರಿಸಿಕೊಳ್ಳುತ್ತದೆ. ಇದು ಇರುವುದು ಮುಖ್ಯವಾಗಿ ಲಿವರ್ ಮತ್ತು ಕರುಳಿನಲ್ಲಿ. ಹೊರಗಿನಿಂದ ಬಂದ ರಾಸಾಯನಿಕ ಕಂಡರೆ ಅದನ್ನು ಒಡೆಯುವ ಎಂಜೈಮ್‌ಗಳನ್ನು ಹೆಚ್ಚಿಸುತ್ತದೆ. ಟಿಬಿಗೆ ಆರು ತಿಂಗಳು ಕೊಡುವ ರಿಫಾಂಪಿಸಿನ್ ಮನುಷ್ಯರ ಪಿಎಕ್ಸ್ಆರ್ ಅನ್ನು ಜೋರಾಗಿ ಎಬ್ಬಿಸುತ್ತದೆ. ಇಲಿಗಳ ಪಿಎಕ್ಸ್ಆರ್ ಅದಕ್ಕೆ ಸೊಪ್ಪು ಹಾಕುವುದಿಲ್ಲ. ಹಾಗಾಗಿ ಇಲಿ ಮೇಲೆ ನೋಡಿ ಮನುಷ್ಯರ ಬಗ್ಗೆ ತೀರ್ಮಾನಿಸಿದರೆ ಇಲ್ಲಿ ಮೋಸ ಹೋಗುತ್ತೀರಿ.

ಹೆಚ್ಚಾದ ಆ ಎಂಜೈಮ್‌ಗಳು ಟಿಬಿ ಔಷಧವೊಂದನ್ನೇ ಒಡೆಯುವುದಿಲ್ಲ. ರೋಗಿ ಬೇರೆ ಏನು ನುಂಗುತ್ತಿದ್ದಾರೋ ಅದರಲ್ಲೂ ಎಷ್ಟನ್ನೋ ಒಡೆಯುತ್ತವೆ. ದಿನಾ ನುಂಗುವ ಹಾರ್ಮೋನ್ ಗರ್ಭನಿರೋಧಕ ಗುಳಿಗೆಯೂ ಅದರಲ್ಲಿ ಸೇರಿದೆ. ಗುಳಿಗೆ ತಪ್ಪದೆ ನುಂಗಿದರೂ ಗರ್ಭ ನಿಲ್ಲಬಹುದು. ನಿನ್ನ ಮುಂದೆ ಟಿಬಿ ಚಿಕಿತ್ಸೆಗೆ ಬಂದ ಹೆಣ್ಣುಮಗಳು ಕೂತಾಗ, ಮನೆಯವರು ಹೊರಗೆ ಹೋದ ಮೇಲೆ, ಆ ಗುಳಿಗೆ ನುಂಗುತ್ತಿದ್ದೀರಾ ಎಂದು ಕೇಳು. ಹೌದು ಅಂದರೆ ಡಾಕ್ಟರಿಗೆ ಹೇಳಿ ಕಾಪರ್-ಟಿ ಥರದ ಬೇರೆ ದಾರಿ ಮಾಡಿಸು. ರಿಫಾಂಪಿಸಿನ್ ನಿಲ್ಲಿಸಿದ ಮಾರನೇ ದಿನವೇ ಹಳೆ ಗುಳಿಗೆಯನ್ನು ನಂಬುವ ಹಾಗಿಲ್ಲ. ಎಂಜೈಮ್‌ಗಳು ಮೊದಲಿನ ಮಟ್ಟಕ್ಕೆ ಇಳಿಯಲು ಇನ್ನೂ ನಾಲ್ಕು ವಾರ ಬಿಡಬೇಕು.